ಶಿರಸಿಯ ಅಂಗಡಿಯಲ್ಲಿ ಹುಬ್ಬು ಬರೆದ ಮಾವ

“ತಂಗೀ, ಹುಬ್ಬು ಬರೆಯೋ ಪೆನ್ಸಿಲ್ ಇದರಲ್ಲಿ ಯಾವ್ದು?”

ಶಿರಸಿಯ ಫ್ಯಾನ್ಸಿ ಅಂಗಡಿಯಲ್ಲಿ ಕಾಜಲ್ ಆರಿಸುತ್ತಿದ್ದ ನನ್ನನ್ನು ಹೀಗೆ ಕೇಳಿದವರು ಬಿಳಿ ಪಂಚೆ ಉಟ್ಟ, ಅರವತ್ತು ದಾಟಿದ ಅಪರಿಚಿತರು. “ಯಕ್ಷಗಾನದ ವೇಷಕ್ಕಾ ಮಾವ?” ಎಂದೆ.

“ಅಲ್ಲ, ನಮ್ಮನೆ ವೇಷಕ್ಕೆ,” ಎಂದು ಬಾಗಿಲ ಕಡೆ ತೋರಿಸಿದರು.

ಅಲ್ಲಿ ತಲೆಗೆ ಸೆರಗು ಹೊದ್ದ ಅವರ ಹೆಂಡತಿ ನಿಂತಿದ್ದರು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲಿನ ಜೊತೆ ಹುಬ್ಬೂ ಉದುರಿತ್ತು. ಅಂದು ಆಕೆಯ ತಂಗಿಯ ಮನೆಯಲ್ಲಿ ಗೃಹಪ್ರವೇಶ. ಹುಬ್ಬಿಲ್ಲದ ಮುಖ ಹೊತ್ತು ನಾಲ್ಕು ಜನರೆದುರು ಬರಲಾರೆ ಎಂದು ದಾರಿಯಲ್ಲೇ ಹಟ ಹಿಡಿದಿದ್ದರಂತೆ.

ಮಾವನ ಕಣ್ಣು ಬಣ್ಣ ಬಣ್ಣದ ದೊಡ್ಡ ಮೇಕಪ್ ಪೆಟ್ಟಿಗೆಯ ಮೇಲಿತ್ತು. ಅಷ್ಟೆಲ್ಲ ಬೇಡವೆಂದು, ದಿನಾ ಬಳಸಲು ಸಾಕಾಗುವಂಥ ಅಗ್ಗದ ಸಾಮಾನನ್ನೇ ಆರಿಸಿಕೊಟ್ಟೆ: ಕಂದು ಪೆನ್ಸಿಲ್, ಒಣ ಚರ್ಮಕ್ಕೊಂದು ಕ್ರೀಮ್, ಕಾಂಪ್ಯಾಕ್ಟ್ ಪೌಡರ್, ತಿಳಿ ಗುಲಾಬಿ ಲಿಪ್‌ಸ್ಟಿಕ್. ದುಡ್ಡು ಕೊಟ್ಟವರೇ ಮಾವ ಪೆನ್ಸಿಲ್ ತೆರೆದು, ಉಸಿರು ಬಿಗಿಹಿಡಿದು, ಹೆಂಡತಿಗೆ ತಾವೇ ಎರಡೂ ಹುಬ್ಬು ಬರೆದರು.

ಆಕೆ ಕನ್ನಡಿ ನೋಡಿಕೊಂಡು ತಮ್ಮ ಹವ್ಯಕ ಮಾತಿನಲ್ಲಿ ಗೊಣಗಿದರು. “ಇದೆಂತ, ಆನು ಸಿಟ್ಟು ಬಂದಾಂಗೆ ಕಾಣ್ತೆ.”

“ಹಂಗಾದ್ರೆ ನಿನ್ನ ಹುಬ್ಬು ಸರಿಯಾಗೇ ಬಂಜು,” ಎಂದರು ಮಾವ.

ಆಕೆಗೆ ನಗು ತಡೆಯಲಾಗಲಿಲ್ಲ. ನಾನು ಗೆರೆಗಳನ್ನು ಬೆರಳಿನಿಂದ ತುಸು ತೀಡಿ ಮೆದು ಮಾಡಿದೆ. ಇಬ್ಬರೂ ಗೃಹಪ್ರವೇಶಕ್ಕೆ ಹೊರಟರು.

ಮೇಕಪ್ ಎಂದರೆ ಬೇರೆ ಯಾರಂತೆಯೋ ಕಾಣುವ ಆಸೆ ಎಂದುಕೊಂಡಿದ್ದೆ. ಆಕೆಗೆ ಬೇಕಿದ್ದದ್ದು ತನ್ನದೇ ಮುಖ. ಅದು ಹೇಗಿತ್ತೆಂಬುದು ಮಾವನಿಗೆ ಬಾಯಿಪಾಠವಾಗಿತ್ತು.