ಇಪ್ಪತ್ತಮೂರು ಜನಕ್ಕೆ ಒಂದೇ ಮೇಲ್

ಗುರ್‌ಗಾಂವ್‌ನ ಆ ಕಂಪನಿಯಲ್ಲಿ ನಾನು ಟೆಸ್ಟರ್ ಆಗಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ನಮ್ಮ ಪ್ರಾಜೆಕ್ಟ್ ಮುಗಿದದ್ದೇ ತಡ, ನನ್ನನ್ನು ಬೆಂಚಿಗೆ ಹಾಕಿದರು. ಬೆಂಚ್ ಎಂದರೆ ಸಂಬಳ ಬರುತ್ತದೆ, ಕೆಲಸ ಇರುವುದಿಲ್ಲ. ಎರಡು ತಿಂಗಳೊಳಗೆ ಯಾವುದಾದರೂ ತಂಡ ಕರೆದುಕೊಳ್ಳದಿದ್ದರೆ ಮನೆಗೆ ನಡೆಯಬೇಕು. ಏನೂ ಮಾಡದೆ ದಿನವಿಡೀ ಸ್ಕ್ರೀನ್ ನೋಡುತ್ತ ಕೂರುವುದು ಇಷ್ಟು ಸುಸ್ತು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾಲ್ಕು ಜನರನ್ನು ಪರಿಚಯ ಮಾಡಿಕೊಳ್ಳಿ, ನೆಟ್‌ವರ್ಕ್ ಬೆಳೆಸಿ ಎಂದು ಎಚ್‌ಆರ್‌ನವರು ಉಪದೇಶ ಮಾಡಿದರು. ಐಟಿಯಲ್ಲಿ ಕೆಲಸ ಮಾಡುವ ನಮ್ಮಂಥ ಹೆಂಗಸರಿಗೆಂದೇ ಒಂದು ಹೋಟೆಲಿನಲ್ಲಿ ಕೂಟ ಏರ್ಪಾಡಾಗಿತ್ತು. ಸರೋಜಿನಿ ನಗರದ ಬಜಾರಿನಲ್ಲಿ ಚೌಕಾಸಿ ಮಾಡಿ ಒಂದು ಕಪ್ಪು ಕೋಟು ಕೊಂಡು, ಅದನ್ನೇ ಹಾಕಿಕೊಂಡು ಹೋದೆ. ಮನಸ್ಸು ಬಿಚ್ಚಿ ಮಾತಾಡಿ ಎಂದು ವೇದಿಕೆಯ ಮೇಲಿದ್ದವರು ಹೇಳಿದರು. ನಾವು ಒಂದು ಕೈಯಲ್ಲಿ ಪಕೋಡದ ತಟ್ಟೆ, ಇನ್ನೊಂದರಲ್ಲಿ ವಿಸಿಟಿಂಗ್ ಕಾರ್ಡು ಹಿಡಿದು, ಮದುವೆಮನೆಯಲ್ಲಿ ಬೀಗರನ್ನು ಹುಡುಕುವವರಂತೆ ಸುತ್ತಿದೆವು. ಮನೆಗೆ ಬರುವ ಹೊತ್ತಿಗೆ ಸುಮ್ಮಸುಮ್ಮನೆ ನಕ್ಕು ದವಡೆ ನೋಯುತ್ತಿತ್ತು. ಬ್ಯಾಗಿನಲ್ಲಿ ಇಪ್ಪತ್ತಮೂರು ಕಾರ್ಡುಗಳಿದ್ದವು.

ಅದರಲ್ಲೊಂದು ಆಫೀಸಿನ ಕ್ಯಾಬ್‌ನಲ್ಲಿ ನನ್ನ ಜೊತೆಗಾತಿಯದು. ದೆಹಲಿಯ ದ್ವಾರಕಾದಿಂದ ಆಫೀಸಿಗೆ ಎರಡು ವರ್ಷ ನಾವಿಬ್ಬರೂ ಅಕ್ಕಪಕ್ಕ ಕೂತು ಹೋಗಿದ್ದೆವು. ಆಕೆ ಉಡುಪಿ ಕಡೆಯವರು, ನಮ್ಮದೇ ಕಂಪನಿಯ ನಾಲ್ಕನೇ ಮಹಡಿಯಲ್ಲಿ ಒಂದು ತಂಡ ನಡೆಸುತ್ತಿದ್ದರು. ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ, ದೆಹಲಿಯ ಚಳಿಯಲ್ಲಿ ದೋಸೆಹಿಟ್ಟು ಹುಳಿ ಬರಿಸುವುದು ಹೇಗೆ, ಕನ್ನಡದಲ್ಲಿ ಕೇಳಿದರೆ ಮಕ್ಕಳು ಹಿಂದಿಯಲ್ಲೇ ಯಾಕೆ ಉತ್ತರ ಕೊಡುತ್ತಾರೆ, ಎಲ್ಲ ಮಾತಾಡಿದ್ದೆವು. ಆಫೀಸಿನ ಕೆಲಸದ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ, ಬೆಂಚಿನ ವಿಷಯವನ್ನೂ ನಾನು ಬಾಯಿ ಬಿಟ್ಟಿರಲಿಲ್ಲ. ಸ್ನೇಹದಲ್ಲಿ ಕೆಲಸ ಕೇಳಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದು ಬರೀ ಜಂಬ. ಹೋಟೆಲಿನಲ್ಲಿ ಎದುರಾದಾಗ ಆಕೆ ತಮಾಷೆಗೆಂದು ತಮ್ಮ ಕಾರ್ಡನ್ನೂ ನನ್ನ ಕೈಗೆ ತುರುಕಿದ್ದರು.

ಮರುದಿನ ಕಾರ್ಡುಗಳನ್ನು ಗುಡ್ಡೆ ಹಾಕಿಕೊಂಡು ಇಂಗ್ಲಿಷಿನಲ್ಲಿ ಒಂದೇ ಮೇಲ್ ಬರೆದೆ. ನಿಮ್ಮನ್ನು ಭೇಟಿಯಾಗಿ ಬಹಳ ಸಂತೋಷವಾಯಿತು, ನಿಮ್ಮ ಮಾತು ಮನಸ್ಸಿಗೆ ನಾಟಿತು, ನಿಮ್ಮನ್ನು ಇನ್ನಷ್ಟು ಹತ್ತಿರದಿಂದ ತಿಳಿಯುವ ಆಸೆ. ಜೊತೆಗೆ ನನ್ನ ರೆಸ್ಯೂಮೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸುವಷ್ಟು ತ್ರಾಣವಿರಲಿಲ್ಲ. ವಿಳಾಸಗಳನ್ನೆಲ್ಲ ಒಂದೇ ಸಾಲಿನಲ್ಲಿ ತುಂಬಿ ಕಳಿಸಿಬಿಟ್ಟೆ. ಪ್ರತಿಯೊಬ್ಬರಿಗೂ ಉಳಿದ ಇಪ್ಪತ್ತೆರಡು ಜನರ ವಿಳಾಸ ಕಾಣುತ್ತಿತ್ತು. ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುತ್ತಿದ್ದವಳ ಕಣ್ಣಿಗೆ ಅದು ಬೀಳಲೇ ಇಲ್ಲ. ಒಬ್ಬರೂ ಉತ್ತರ ಬರೆಯಲಿಲ್ಲ.

ಮಾರನೇ ಬೆಳಿಗ್ಗೆ ಕ್ಯಾಬು ದೆಹಲಿ ಗಡಿಯ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ ಆಕೆ ಕೇಳಿದರು:

"ನನ್ನನ್ನ ಭೇಟಿಯಾಗಿ ಸಂತೋಷ ಆಯ್ತಾ ನಿಮಗೆ?"

ನಾಚಿಕೆಯಿಂದ ನನ್ನ ಮುಖ ಸುಟ್ಟಂತಾಯಿತು. ತಪ್ಪಾಯಿತು ಎಂದೆ. ಬೆಂಚು, ಗಡುವಿಗೆ ಉಳಿದಿರುವ ಮೂರು ವಾರ, ಎಲ್ಲ ಹೇಳಿದೆ. ಆಕೆಗೆ ಸಿಟ್ಟಿರಲಿಲ್ಲ, ನನ್ನಷ್ಟೇ ದಣಿದಂತಿದ್ದರು.

"ನನ್ನ ಟೀಮಿಗೆ ಒಬ್ಬರು ಟೆಸ್ಟರ್ ಬೇಕಿತ್ತು ಮಾರಾಯ್ರೆ. ಒಂದು ತಿಂಗಳು ಹುಡುಕಿ, ಹೋದ ಸೋಮವಾರ ಯಾರೋ ಗುರ್ತಿಲ್ಲದವರನ್ನ ತಗೊಂಡೆ. ನೀವು ಟೆಸ್ಟರ್ ಅಂತ ನಿನ್ನೆ ರೆಸ್ಯೂಮೆ ನೋಡಿದ ಮೇಲೇ ನಂಗೆ ಗೊತ್ತಾದ್ದು."

ಆ ಒಂದು ತಿಂಗಳೂ ನಾವು ಭುಜಕ್ಕೆ ಭುಜ ತಾಗಿಸಿ ಕೂತಿದ್ದೆವು. ಆಕೆಯೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಉಳಿದ ಮೂರು ವಾರ ಕ್ಯಾಬಿನಲ್ಲಿ ಕೆಲಸದ ಮಾತೇ ಆಡಿದೆವು. ತಮ್ಮ ತಂಡದ ತಲೆನೋವುಗಳನ್ನು ಆಕೆ ಬಿಡಿಸಿ ಹೇಳುತ್ತಿದ್ದರು, ತಪ್ಪು ಎಲ್ಲಿರಬಹುದೆಂದು ನಾನು ಹೇಳುತ್ತಿದ್ದೆ. ಎರಡು ಸಲ ನಾನು ಹೇಳಿದ ಕಡೆಯೇ ಸಿಕ್ಕಿತಂತೆ. ನನಗೆ ಕೆಲಸ ಎಷ್ಟು ಚೆನ್ನಾಗಿ ಬರುತ್ತದೆಂದು ಒಬ್ಬರಿಗೆ ಸರಿಯಾಗಿ ಗೊತ್ತಾಗುವ ಹೊತ್ತಿಗೆ ನಾನು ಆಫೀಸಿನ ಬ್ಯಾಡ್ಜ್ ಒಪ್ಪಿಸಿ ಬಂದಿದ್ದೆ.