ಹಳೇ ಮಾನಿಟರಿನ ಗೆರೆ

ಯಲ್ಲಾಪುರದಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಉಪನಯನದ ಕಾಗದ, ಸೊಸೈಟಿಯ ವರದಿ, ಯಾರದೋ ಅರ್ಜಿ, ಹೀಗೆ ಬಂದದ್ದನ್ನೆಲ್ಲ ಟೈಪು ಮಾಡಿ ತಿದ್ದಿಕೊಡುವುದು ನನ್ನ ಕೆಲಸ. ಊರಿನವರೆಲ್ಲ ಚಪ್ಪಟೆ ಮಾನಿಟರು ತಂದು ಎಷ್ಟೋ ಕಾಲವಾಯಿತು. ನನ್ನ ಮೇಜಿನ ಮೇಲೆ ಮಾತ್ರ ಆ ಹಳೇ ಡೊಳ್ಳುಹೊಟ್ಟೆಯದೇ ಕುಳಿತಿದೆ. ಬಣ್ಣ ತೋರಿಸುವುದರಲ್ಲಿ ಹೊಸವು ಅದರ ಕಾಲ ಧೂಳಿಗೂ ಸಮವಲ್ಲ ಎಂದು ನನ್ನ ಹಟ.

ಅದರ ಚಾಳಿಗಳು ಒಂದೆರಡಲ್ಲ. ಬಲಮೂಲೆಯ ಅಕ್ಷರಗಳಿಗೆ ಒಂದು ಬದಿ ಕೆಂಪು ಅಂಚು, ಇನ್ನೊಂದು ಬದಿ ನೀಲಿ. ಒಮ್ಮೆ ಸ್ಪೀಕರನ್ನು ಅದಕ್ಕೆ ತಾಗಿಸಿ ಇಟ್ಟಿದ್ದೆ. ಮದುವೆ ಕಾಗದದ ಗಣಪತಿಯ ಸೊಂಡಿಲು ನೇರಳೆ ಬಣ್ಣಕ್ಕೆ ತಿರುಗಿತು. ಸ್ಪೀಕರು ತೆಗೆದು ಕೆಳಗಿನ ಒಂದು ಗುಂಡಿ ಒತ್ತಿದರೆ ಢಂಯ್ ಎಂದು ಸದ್ದು ಮಾಡಿ, ಚಿತ್ರವೆಲ್ಲ ಒಮ್ಮೆ ನಡುಗಿ, ಬಣ್ಣ ಸರಿಯಾಗುತ್ತದೆ. ಹೊರಗೆ ಮರದ ನಾಟಾ ತುಂಬಿದ ಲಾರಿ ಹೋದರೂ ಚಿತ್ರ ಸಣ್ಣಗೆ ನಡುಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಒಂದು ಗೆರೆ. ಬಿಳಿ ಪುಟ ತೆರೆದರೆ, ನಡುವಿಗಿಂತ ಸ್ವಲ್ಪ ಕೆಳಗೆ, ಈ ಕಡೆಯಿಂದ ಆ ಕಡೆಯವರೆಗೆ ಕೂದಲೆಳೆಯಷ್ಟು ತೆಳ್ಳಗೆ ಕಾಣುತ್ತದೆ. ಅಚ್ಚಿಗೆ ಬರುವುದಿಲ್ಲ.

ಆದರೆ ಗಿರಾಕಿಗಳಿಗೆ ಅದನ್ನು ಹೇಳಿ ಪೂರೈಸಬೇಕಲ್ಲ! ಮಗಳ ಮದುವೆ ಕಾಗದ ಮಾಡಿಸಲು ಬಂದ ಮಂಚಿಕೇರಿ ಕಡೆಯ ಅಮ್ಮ ಒಬ್ಬರು ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದೇಬಿಟ್ಟಿದ್ದರು.

“ತಂಗಿ, ಕೂಸಿನ ಹೆಸರಿನ ಮೇಲೇ ಗೆರೆ ಬಿದ್ದಿದ್ದು! ಅಳಿಸಿ ಹಾಕು ಮೊದಲು.”

“ಅದು ಕಾಗದಕ್ಕೆ ಬತ್ತಿಲ್ಲೆ ಅಮ್ಮಾ, ಮಾನಿಟರಿನ ಗೆರೆ.”

ಅವರು ನಂಬಲಿಲ್ಲ. ಪುಟವನ್ನು ಸ್ವಲ್ಪ ಮೇಲೆ ಸರಿಸಿ ಗೆರೆಯನ್ನು ಮದುಮಗಳ ಹೆಸರಿನಿಂದ ಊಟದ ಸಮಯಕ್ಕೆ ದಾಟಿಸಿದೆ. “ಹಾಂ, ಈಗ ಹೋತು” ಎಂದು ಸಮಾಧಾನದಿಂದ ಕುಳಿತರು. ಇಂಥ ಗೆರೆ ದಾಟಿಸುವ ಕೆಲಸವನ್ನು ನಾನು ಎಷ್ಟು ಸಲ ಮಾಡಿದ್ದೇನೋ.

ಕಳೆದ ವರ್ಷ ಆ ಗೆರೆ ನಡುವಿನಲ್ಲಿ ಬಗ್ಗತೊಡಗಿತು. ಬಟ್ಟೆ ಹಾಕಿದ ಹಗ್ಗ ಜೋತು ಬೀಳುತ್ತದಲ್ಲ, ಹಾಗೆ. ಅದರ ಹತ್ತಿರದ ಅಕ್ಷರಗಳೂ ಒಂದರ ಮೇಲೊಂದು ವಾಲಿದವು. ಈ ಮುದಿ ಮಾನಿಟರಿಗೆ ಹೊಸ ರೋಗ ಬಂತೆಂದು ಬೈದು, ಗುಂಡಿ ಒತ್ತಿದೆ. ಫ್ಯಾನು ಆರಿಸಿದೆ. ತಲೆಯ ಮೇಲೆ ಎರಡು ಬಾರಿಸಿದೆ. ಢಂಯ್ ಢಂಯ್ ಸದ್ದು ಕೇಳಲಾರದೆ ಪಕ್ಕದ ಟಿವಿ ರಿಪೇರಿ ಅಂಗಡಿಯ ಸಾಹೇಬರು ಎದ್ದು ಬಂದರು.

“ಅಕ್ಕಾ, ಆ ಗುಂಡಿ ಒತ್ತಿ ಒತ್ತಿ ಅದನ್ನ ಕೊಲ್ಲಬ್ಯಾಡ್ರಿ. ಏನಾಗೇದ?”

“ಗೆರೆ ಡೊಂಕಾಗಿದೆ, ನೋಡಿ.”

ಅವರು ಬಗ್ಗಿ ನೋಡಿದರು. “ಎಲ್ಲಿ ಡೊಂಕು? ಒಳಗ ತಂತಿ ಬಿಗಿದು ಕಟ್ಟಿರ್ತಾರ, ಇದು ಅದರ ನೆರಳು. ಅದು ಬಗ್ಗಂಗಿಲ್ರಿ.”

“ಸಾಹೇಬ್ರೇ, ನೀವು ಮೊದಲು ಕಣ್ಣು ತೋರಿಸ್ಕೊಳ್ಳಿ” ಎಂದು ನಾನು ನಕ್ಕೆ.

ಅವರೂ ನಕ್ಕರು. ಮೇಜಿನ ಮೇಲಿದ್ದ, ಗೆರೆ ಎಳೆಯುವ ನನ್ನ ಸ್ಟೀಲ್ ಪಟ್ಟಿ ತೆಗೆದು ಗೆರೆಗೆ ಸರಿಯಾಗಿ ಹಿಡಿದು, “ಈಗ ಹೇಳ್ರಿ” ಎಂದರು.

ಸ್ಟೀಲ್ ಪಟ್ಟಿಯೂ ಬಗ್ಗಿತ್ತು.

ಹೌದು ಸರಿಯಿದೆ ಎಂದು ಅವರನ್ನು ಕಳಿಸಿ, ಎಡಗಣ್ಣನ್ನು ಕೈಯಿಂದ ಮುಚ್ಚಿ ನೋಡಿದೆ. ಗೆರೆ ನೆಟ್ಟಗಿತ್ತು. ಬಲಗಣ್ಣು ಮುಚ್ಚಿದೆ. ಜೋತು ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಊರವರಿಗೆಲ್ಲ ಹೇಳುವವಳು ನಾನು; ಇಷ್ಟು ದಿನ ನೆಲಕ್ಕೇ ಬಡಿಯುತ್ತಿದ್ದೆ. ನನಗೆ ತುಂಬ ಹೆದರಿಕೆಯಾಯಿತು. ಕೊಂಬು, ಒತ್ತಕ್ಷರದ ತಪ್ಪು ನೋಡಿ ಹಿಡಿಯುವ ಕಣ್ಣು ಬಿಟ್ಟರೆ ನನ್ನ ಅಂಗಡಿಯಲ್ಲಿ ಬೇರೆ ಬಂಡವಾಳವೇ ಇಲ್ಲ.

ಮನೆಯಲ್ಲಿ ಅತ್ತೆ ತಪ್ಪನ್ನೆಲ್ಲ ಮತ್ತೆ ಮಾನಿಟರಿಗೇ ಹೊರಿಸಿದರು. “ಆ ಪೆಟ್ಟಿಗೆ ನೋಡಿ ನೋಡಿಯೇ ಕಣ್ಣು ಹಾಳಾತು” ಎಂದು ಬೈಯುತ್ತಲೇ ನಂದಿಬಟ್ಟಲ ಹೂವು ಕೊಯ್ದು ತಂದು ನನ್ನ ರೆಪ್ಪೆಯ ಮೇಲಿಟ್ಟರು. ಹೂವು ತಂಪಾಗಿತ್ತು. ಮರುದಿನ ಹುಬ್ಬಳ್ಳಿಯ ಬಸ್ಸು ಹತ್ತಿದೆ.

ಇದು ಮಾನಿಟರಿನಿಂದ ಬಂದದ್ದಲ್ಲ ಎಂದರು ಅಲ್ಲಿಯ ಕಣ್ಣಿನ ಡಾಕ್ಟರು. ಕಣ್ಣಿನ ಹಿಂಭಾಗದಲ್ಲಿ ನೀರು ಸೇರಿದೆ, ಬಿಟ್ಟರೆ ನಡುದೃಷ್ಟಿ ಹೋಗುತ್ತದೆ, ಬೇಗ ಬಂದದ್ದು ಒಳ್ಳೆಯದಾಯಿತು, ಕಣ್ಣಿಗೆ ಇಂಜೆಕ್ಷನ್ ಕೊಡಬೇಕು ಎಂದರು. ಕಣ್ಣಿಗೆ ಸೂಜಿ ಎಂದು ಕೇಳಿಯೇ ನಾನು ಬೆವತುಹೋದೆ. ಚುಚ್ಚಿಸಿಕೊಂಡದ್ದಕ್ಕಿಂತ ಹೊರಗೆ ಕಾಯುತ್ತ ಕುಳಿತದ್ದೇ ಕಷ್ಟವಾಯಿತು. ಬರುವಾಗ ಚೌಕುಳಿ ಗೆರೆಗಳ ಕಾಗದವೊಂದನ್ನು ಕೊಟ್ಟರು. ದಿನಾ ಒಂದೊಂದೇ ಕಣ್ಣಿನಿಂದ ಅದನ್ನು ನೋಡಬೇಕು, ಗೆರೆ ಮತ್ತೆ ಹೆಚ್ಚು ಬಗ್ಗಿದರೆ ತಕ್ಷಣ ಬರಬೇಕು.

ಕಾಗದ ಅಡುಗೆಮನೆಯಲ್ಲಿ ಅಂಟಿಸಿದ್ದೇನೆ, ನೋಡುತ್ತೇನೆ ಕೂಡ. ಆದರೆ ನನಗೆ ನಂಬಿಕೆ ಇರುವುದು ಅಂಗಡಿಯ ಗೆರೆಯ ಮೇಲೆ. ಬೆಳಿಗ್ಗೆ ಶಟರ್ ಎತ್ತಿ, ಊದುಬತ್ತಿ ಹಚ್ಚಿ, ಬಿಳಿ ಪುಟ ತೆರೆದು, ಬಲಗಣ್ಣು ಮುಚ್ಚುತ್ತೇನೆ. ಕೆಲವು ದಿನ ಬಾಗು ಕಡಿಮೆ ಕಾಣುತ್ತದೆ, ಕೆಲವು ದಿನ ಹೆಚ್ಚು. ಮಧ್ಯೆ ಸಾಹೇಬರು ಒಂದು ಚಪ್ಪಟೆ ಮಾನಿಟರು ಹೊತ್ತುಕೊಂಡೇ ಬಂದರು. “ತಗೋರಿ ಅಕ್ಕಾ, ಇದರಾಗ ಗೆರಿ ಗಿರಿ ಏನೂ ಇಲ್ಲ.” ಗೆರೆ ಇಲ್ಲದ್ದು ನನಗೆ ಬೇಡವೇ ಬೇಡ ಎಂದೆ. ಕಣ್ಣಿನ ಜೊತೆ ಇವಳ ತಲೆಯೂ ಹೋಯಿತೆಂದು ಅವರು ತಿಳಿದಿರಬೇಕು.

ಮೂರನೇ ಇಂಜೆಕ್ಷನ್ ಆಗಿ ಕೆಲವು ದಿನ ಕಳೆದಿತ್ತು. ಮೊನ್ನೆ ಬೆಳಿಗ್ಗೆ ಎಡಗಣ್ಣಿಗೆ ಗೆರೆ ನೆಟ್ಟಗೆ ಕಂಡಿತು. ನಾನು ನಂಬಲಿಲ್ಲ. ನೆಟ್ಟಗಿರಲಿ ಎಂದು ಆಸೆಪಟ್ಟು ಆಸೆಪಟ್ಟು ಹಾಗೆ ಕಾಣುತ್ತಿದೆಯೋ ಏನೋ. ಅಷ್ಟರಲ್ಲಿ ಮಗಳ ಮದುವೆಯ ಕಾಗದ ನೋಡಲು ಒಬ್ಬರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದರು. ಕುಳಿತವರೇ ಮಾನಿಟರಿಗೆ ಬೆರಳಿಟ್ಟರು.

“ತಂಗಿ, ಇಲ್ಲೊಂದು ಗೆರೆ ಇದ್ದಲೇ.”

ಅಚ್ಚಿಗೆ ಬರುವುದಿಲ್ಲ ಎಂದು ನಾನು ಹೇಳಲಿಲ್ಲ. “ಹ್ಯಾಂಗಿದ್ದು ಗೆರೆ? ಸರಿ ನೋಡಿ ಹೇಳಿ” ಎಂದೆ.

ಅವರು ಕನ್ನಡಕ ಏರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ, ಈ ತುದಿಯಿಂದ ಆ ತುದಿಯವರೆಗೆ ನೋಡಿದರು. “ನೆಟ್ಟಗಿದ್ದು. ಪಟ್ಟಿ ಹಿಡಿದು ಎಳೆದ ಹಾಂಗೆ ಇದ್ದು. ಎಂತಕ್ಕೆ?”

ನಾನು ಬಲಗಣ್ಣನ್ನು ಕೈಯಿಂದ ಮುಚ್ಚಿ ಇನ್ನೊಮ್ಮೆ ನೋಡಿದೆ.

“ಎನ್ನ ಕಣ್ಣಿಗೂ ಹಾಂಗೇ ಕಾಣ್ತು” ಎಂದೆ.