ಉಪ್ಪು ನೋಡದ ಎಡೆ

ಹಿರಿಯರಿಗೆಂದು ಮಾಡಿದ ಅಡುಗೆಯ ಉಪ್ಪನ್ನು ನಮ್ಮ ಮನೆಯಲ್ಲಿ ಯಾರೂ ನಾಲಿಗೆಗೆ ಹಾಕಿ ನೋಡುವಂತಿಲ್ಲ. ಪಿತೃಪಕ್ಷದಲ್ಲಿ ತೀರಿಹೋದವರು ಮನೆಗೆ ಬರುತ್ತಾರೆ, ಅವರಿಗೆ ಎಲೆ ಹಾಕಿ ಎಡೆ ಇಡಬೇಕು, ಅವರು ಉಂಡ ಮೇಲೆ ನಾವು ಉಣ್ಣಬೇಕು. ಅದಕ್ಕೆ ಮೊದಲು ಒಂದು ಅಗುಳು ಬಾಯಿಗೆ ಹೋದರೂ ಅದು ಎಂಜಲು. ಹಾಗಾದರೆ ಉಪ್ಪು ಹೇಗೆ ನೋಡುತ್ತೀರಿ ಎಂದು ಮದುವೆಯಾಗಿ ಬಂದ ವರ್ಷ ಅತ್ತೆಯನ್ನು ಕೇಳಿದ್ದೆ. ಅವರು ತಮ್ಮ ಮೂಗನ್ನು ಮುಟ್ಟಿ ತೋರಿಸಿದ್ದರು. ಕುದಿಯುವ ಬಾಡಿನ ಸಾರನ್ನು ಸೌಟಿನಲ್ಲಿ ಎತ್ತಿ, ಆವಿಯನ್ನು ಒಮ್ಮೆ ಒಳಗೆಳೆದುಕೊಂಡು, ಇನ್ನೊಂದು ಚಿಟಿಕೆ ಬೇಕು ಅಥವಾ ಸಾಕು ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷ ನಾನು ಅವರ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಒಂದು ಸಲವೂ ತಪ್ಪಿರಲಿಲ್ಲ.

ತಪ್ಪಿದ್ದು ಕೊರೊನಾ ಬಂದ ಮೊದಲ ವರ್ಷ.

ನಮ್ಮದು ಹುಣಸೂರಿಗೂ ಕಂಪಲಾಪುರಕ್ಕೂ ನಡುವೆ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿ. ಗಂಡ ಹೊಗೆಸೊಪ್ಪಿನ ಬೇಸಾಯ ನೋಡಿಕೊಳ್ಳುತ್ತಾರೆ, ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಆ ವರ್ಷ ಶಾಲೆ ಮುಚ್ಚಿದ್ದರಿಂದ ನಮ್ಮನ್ನು ಮನೆ ಮನೆ ಸಮೀಕ್ಷೆಗೆ ಹಾಕಿದ್ದರು. ಆಶಾ ಕಾರ್ಯಕರ್ತೆಯ ಜೊತೆ ಬೀದಿ ಬೀದಿ ಸುತ್ತಿ ಜ್ವರ ಇದೆಯಾ, ಕೆಮ್ಮು ಇದೆಯಾ, ಉಸಿರು ಕಟ್ಟುತ್ತಾ, ವಾಸನೆ ಗೊತ್ತಾಗುತ್ತಾ ಎಂದು ಕೇಳಿ ಬರೆದುಕೊಳ್ಳಬೇಕು. ಕೊನೆಯ ಪ್ರಶ್ನೆಗೆ ಜನ ನಗುತ್ತಿದ್ದರು. ಎದುರಿಗೇ ತಿಪ್ಪೆ ಇದೆ, ವಾಸನೆ ಬಾರದಿದ್ದರೆ ದೇವರು ಒಳ್ಳೆಯದು ಮಾಡಿದ ಎಂದುಕೊಳ್ಳುತ್ತೇನೆ ಎಂದು ಒಬ್ಬ ಮುದುಕ ಹೇಳಿದ್ದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಗುವವರನ್ನು ನಿಲ್ಲಿಸಿ ಮಕ್ಕಳಿಗೆ ಬೈಯುವ ಹಾಗೆ ಬೈಯುತ್ತಿದ್ದೆ. ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡವರನ್ನು ಕಂಡರಂತೂ ಅವರ ವಂಶವನ್ನೇ ಜಾಲಾಡಿಬಿಡುತ್ತಿದ್ದೆ.

ಪಕ್ಷ ಹತ್ತಿರ ಬಂದಾಗ ಮನೆಯಲ್ಲಿ ದೊಡ್ಡ ಮಾತುಕತೆಯಾಯಿತು. ಆ ವರ್ಷ ಬೇಡವೆಂದು ನಾನು, ಬಿಡುವ ಹಾಗಿಲ್ಲವೆಂದು ಅತ್ತೆ. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ಕೊನೆಗೆ ಒಪ್ಪಂದವಾದದ್ದು ಹೀಗೆ: ಊಟಕ್ಕೆ ಎಪ್ಪತ್ತು ಎಂಬತ್ತು ಜನ ಸೇರುತ್ತಿದ್ದ ಮನೆಗೆ ಈ ಸಲ ಎರಡೇ ಮನೆಯವರು. ಎಚ್.ಡಿ. ಕೋಟೆಯಿಂದ ಮೈದುನನ ಸಂಸಾರ, ಕೆ.ಆರ್. ನಗರದ ಕಡೆಯ ಹಳ್ಳಿಯಿಂದ ಮಾವನ ಅಕ್ಕ. ಅವರನ್ನು ನಾವು ದೊಡ್ಡತ್ತೆ ಎನ್ನುತ್ತಿದ್ದೆವು. ಎಪ್ಪತ್ತು ದಾಟಿದ ಜೀವ, ಚಳಿಗಾಲ ಬಂದರೆ ಉಬ್ಬಸ. ಅವರನ್ನು ಕರೆಯುವುದು ನನಗೆ ಇಷ್ಟವಿರಲಿಲ್ಲ. ತಮ್ಮನ ಎಡೆಗೆ ಒಡಹುಟ್ಟಿದವಳೇ ಇಲ್ಲದಿದ್ದರೆ ಹೇಗೆ ಎಂದು ಅತ್ತೆ ಕಣ್ಣೀರು ಹಾಕಿದರು. ಹತ್ತು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಅತ್ತೆಗೆ ಈ ಮನೆಗೆ ಬಂದಾಗ ಅಡುಗೆ ಕಲಿಸಿದವರು, ಆವಿಯಲ್ಲಿ ಉಪ್ಪು ನೋಡುವುದನ್ನು ಹೇಳಿಕೊಟ್ಟವರು ಇದೇ ದೊಡ್ಡತ್ತೆ. ನಾನು ಸೋತೆ.

ಸೋತ ಸಿಟ್ಟನ್ನೆಲ್ಲ ನಿಯಮ ಮಾಡುವುದರಲ್ಲಿ ತೀರಿಸಿಕೊಂಡೆ. ಬಾಗಿಲಲ್ಲಿ ನೀರಿನ ಹಂಡೆ, ಸೋಪು. ಜಗಲಿಯ ಮೇಲೆ ಶಾಲೆಯ ಸೀಮೆಸುಣ್ಣದಲ್ಲಿ ಮಾರು ದೂರಕ್ಕೊಂದು ಗುರುತು, ಅಲ್ಲಲ್ಲೇ ಕೂರಬೇಕು. ಅಡುಗೆಮನೆಗೆ ನಾನು ಮತ್ತು ಅತ್ತೆ ಬಿಟ್ಟು ಬೇರೆ ಯಾರೂ ಕಾಲಿಡಬಾರದು. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸುವ ಬ್ಯಾರನ್ನಿನ ಕೆಲಸದವರಿಗೆ ಆ ದಿನ ಹಿತ್ತಲಲ್ಲೇ ಊಟ. ಗಂಡ ಇದನ್ನೆಲ್ಲ ನೋಡಿ, ಸತ್ತವರಿಗೂ ಸ್ಯಾನಿಟೈಸರ್ ಇಡ್ತೀಯಾ ಎಂದು ಕೇಳಿದರು. ಮೂರು ದಿನ ಅವರೊಡನೆ ಮಾತು ಬಿಟ್ಟಿದ್ದೆ.

ಎಡೆಯ ಹಿಂದಿನ ದಿನ ಸಮೀಕ್ಷೆ ಮುಗಿಸಿ ಬರುವಾಗ ಅಂಗಳದಲ್ಲೇ ಹಾಲು ಸೀದ ವಾಸನೆ ಹೊಡೆಯಿತು. ಒಳಗೆ ಹೋದರೆ ಅತ್ತೆ ಒಲೆಯಿಂದ ಎರಡು ಮೊಳ ದೂರದಲ್ಲಿ ಕೂತು ಉದ್ದಿನಬೇಳೆ ಆರಿಸುತ್ತಿದ್ದರು. ಪಾತ್ರೆಯ ತಳ ಕರಕಲಾಗಿತ್ತು. ನಾನು ಓಡಿಹೋಗಿ ಒಲೆ ಆರಿಸಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

"ಮೂಗು ಕಟ್ಕಂಡದೆ ಕಣವ್ವಾ, ಬ್ಯಾರನ್ ಹೊಗೆ," ಎಂದರು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ, "ವರ್ಸುಕ್ಕೊಂದು ದಪ ಬತ್ತಾರೆ. ಅಸ್ಕಂಡು ಓಗ್ಬೇಕಾ ಅವ್ರು?" ಎಂದರು.

ನನ್ನ ಕೈಯಲ್ಲಿ ಸಮೀಕ್ಷೆಯ ಹಾಳೆಗಳ ಕಟ್ಟು ಇನ್ನೂ ಇತ್ತು. ಬೆಳಗಿನಿಂದ ಎಷ್ಟೋ ಮನೆಗಳಲ್ಲಿ ಕೇಳಿದ ಪ್ರಶ್ನೆ, ನಮ್ಮ ಮನೆಯಲ್ಲಿ ಕೇಳಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎಂಬ ಮಾತು ನನಗಾಗಿಯೇ ಹುಟ್ಟಿದ್ದಿರಬೇಕು. ಬ್ಯಾರನ್ ಉರಿಯುವ ದಿನಗಳಲ್ಲಿ ಅವರಿಗೆ ನೆಗಡಿಯಾಗುವುದು ಸುಳ್ಳೇನೂ ಅಲ್ಲ. ಬಾಡು ತರಲು ಹೇಳಿಯಾಗಿದೆ, ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿಯಾಗಿದೆ, ಮೈ ಬೆಚ್ಚಗೂ ಇಲ್ಲ, ಕೆಮ್ಮೂ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸೀದ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ಬೋರಲು ಹಾಕಿದೆ. ಗಂಡನಿಗೆ ಹೇಳಲಿಲ್ಲ.

ಮರುದಿನ ದೊಡ್ಡತ್ತೆ ಮೊಮ್ಮಗನ ಬೈಕಿನಲ್ಲಿ ಬಂದಿಳಿದರು. ಬಾಗಿಲಲ್ಲಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡರು. ನಾನು ಗುರುತು ಹಾಕಿದ ಜಾಗದಲ್ಲಿ ಎರಡು ನಿಮಿಷ ಕೂತರು. ಶಿವರಾತ್ರಿಯಿಂದ ಅತ್ತೆ, ದೊಡ್ಡತ್ತೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನಾನು ಮೈದುನನ ಮಕ್ಕಳ ಕೈ ತೊಳೆಸಿ ಒಳಗೆ ಬರುವಷ್ಟರಲ್ಲಿ ದೊಡ್ಡತ್ತೆ ಅಡುಗೆಮನೆಯಲ್ಲಿ ಅತ್ತೆಯ ಮಂಡಿಗೆ ಮಂಡಿ ತಾಗಿಸಿಕೊಂಡು ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಇಬ್ಬರ ಮಾಸ್ಕೂ ಕತ್ತಿನಲ್ಲಿತ್ತು. ಇಬ್ಬರೂ ಏನೋ ಹಳೆಯದನ್ನು ನೆನೆಸಿಕೊಂಡು ನಗುತ್ತಿದ್ದರು. ಅಂಥ ನಗುವನ್ನು ಕೇಳಿ ತಿಂಗಳುಗಳೇ ಆಗಿದ್ದವು. ನನಗೆ ಎಬ್ಬಿಸಲು ಮನಸ್ಸು ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಸಾರು ಕುದಿ ಬಂತು. ಅತ್ತೆ ಸೌಟೆತ್ತಿ ಆವಿ ಎಳೆದುಕೊಂಡರು. ಉಪ್ಪು ಹಾಕಿದರು. ಮತ್ತೆ ಸೌಟೆತ್ತಿದರು. ಮತ್ತೆ ಹಾಕಿದರು. ಮೂರನೆಯ ಸಲ ಅವರ ಕೈ ಉಪ್ಪಿನ ಜಾಡಿಗೆ ಹೋದದ್ದನ್ನು ನಾನು ಬಾಗಿಲಲ್ಲಿ ನಿಂತು ಕಂಡೆ. ಆಗ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಗಂಡನಿಗೆ, ಮೈದುನನಿಗೆ, ಕೇಳಿದವರಿಗೆಲ್ಲ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಗೊತ್ತಾಗಿತ್ತು. ಹೊರಗೆ ಗಾಳಿ ಚೆನ್ನಾಗಿದೆ ಬನ್ನಿ ಎಂದು ದೊಡ್ಡತ್ತೆಯನ್ನು ಜಗಲಿಗೆ ಕರೆದುಕೊಂಡು ಬಂದೆ. ಮಾಡಿದ್ದು ಅಷ್ಟೇ. ಎಲ್ಲರನ್ನೂ ವಾಪಸ್ಸು ಕಳಿಸುವ ಧೈರ್ಯ ನನಗಿರಲಿಲ್ಲ.

ನಡುಮನೆಯಲ್ಲಿ ಕಳಸದ ಮುಂದೆ ಮಾವನ ಹೊಸ ಪಂಚೆ, ಟವೆಲು, ಅವರು ಸೇದುತ್ತಿದ್ದ ಬೀಡಿಯ ಕಟ್ಟು ಇಟ್ಟು, ಎಲೆ ಹಾಕಿ, ಮಾಡಿದ್ದನ್ನೆಲ್ಲ ಬಡಿಸಿದೆವು. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಹಿರಿಯರು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಬರುತ್ತಿದ್ದೇವೆ ಎಂದು ಅವರಿಗೆ ತಿಳಿಯಲು ಹಿರಿಮಗ ಕೆಮ್ಮಿ ಬಾಗಿಲು ತೆಗೆಯುವುದು ನಮ್ಮ ಮನೆಯ ಪದ್ಧತಿ. ಅವತ್ತು ಗಂಡ ಕೆಮ್ಮಲು ಹೋಗಿ, ಎಲ್ಲರ ಮುಖ ನೋಡಿ, ಬಾಗಿಲನ್ನು ಬೆರಳಿನಿಂದ ತಟ್ಟಿದರು. ಯಾರೂ ನಗಲಿಲ್ಲ.

ಊಟಕ್ಕೆ ಕೂತರು. ಅತ್ತೆ ಬಡಿಸುತ್ತಿದ್ದರು. ಮೊದಲ ತುತ್ತಿಗೇ ಮೈದುನ ನೀರಿನ ಲೋಟಕ್ಕೆ ಕೈ ಹಾಕಿದ. ಅವನ ಮಗಳು ಮುಖ ಕಿವುಚಿ ಅಮ್ಮನನ್ನು ನೋಡಿದಳು. ಬಾಡಿನ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಅತ್ತೆ ಸೌಟು ಹಿಡಿದು ಸಾಲಿನ ನಡುವೆ ನಿಂತೇಬಿಟ್ಟರು. ಆಗ ದೊಡ್ಡತ್ತೆ ತಮ್ಮ ಎಲೆಯಲ್ಲಿದ್ದ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಕೈ ಚಾಚಿದರು.

"ಚೆನ್ನಾಗದೆ ಕಣೇ. ಇನ್ನೊಂದು ಸೌಟು ಬುಡು."

ಅತ್ತೆ ಬಿಟ್ಟರು. ದೊಡ್ಡತ್ತೆ ಎಲೆಯಲ್ಲಿ ಒಂದು ಚೂರೂ ಬಿಡದೆ ಉಂಡರು. ಅವರು ಉಂಡ ಮೇಲೆ ಬೇರೆಯವರು ಮಾತಾಡುವುದು ಹೇಗೆ? ಎಲ್ಲರೂ ತಲೆ ತಗ್ಗಿಸಿ ಉಂಡರು. ಅತ್ತೆ ಒಳಗೆ ಬಂದು ಪಾತ್ರೆಗೆ ಬೆರಳದ್ದಿ ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು. ನಂಗೇನೂ ಗೊತ್ತಾಯ್ತಿಲ್ಲ ಎಂದು ನನ್ನ ಕಡೆ ತಿರುಗದೆಯೇ ಹೇಳಿದರು.

ಮರುದಿನ ಪರೀಕ್ಷೆ ಮಾಡಿಸಿದಾಗ ಅತ್ತೆಗೆ ಇತ್ತು, ನನಗೂ ಇತ್ತು. ನನಗೆ ನೆಗಡಿಯೂ ಆಗಿರಲಿಲ್ಲ. ಮನೆ ಮನೆ ತಿರುಗಿ ಅದನ್ನು ಹೊತ್ತು ತಂದವಳು ನಾನೇ ಇರಬಹುದು. ಯಾರಿಂದ ಯಾರಿಗೆ ಬಂತೆಂದು ಹೇಳಲು ಯಾರಿಂದಲೂ ಆಗದು ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಬಂದವರಿಗೆಲ್ಲ ಫೋನ್ ಮಾಡಿ ಹೇಳಿದೆ. ದೊಡ್ಡತ್ತೆ ನನಗೇ ಧೈರ್ಯ ಹೇಳಿದರು. ತಮಗೆ ಉಪ್ಪು ಖಾರ ಎಲ್ಲ ತಿಳಿಯುತ್ತಿದೆ, ನಿಮ್ಮತ್ತೆಯನ್ನು ಬೈಯಬೇಡ ಎಂದರು. ಐದನೆಯ ದಿನ ಅವರಿಗೆ ಜ್ವರ ಬಂತು. ಉಬ್ಬಸ ಹಿಡಿದು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಊರಲ್ಲಿ ಆಯುಧಪೂಜೆಗೆ ಟ್ರ್ಯಾಕ್ಟರು ತೊಳೆಯುವ ಹೊತ್ತಿಗೆ ದೊಡ್ಡತ್ತೆ ಇರಲಿಲ್ಲ. ಬಿಳಿಯ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದರಂತೆ. ಮಗನಿಗೂ ಮುಖ ತೋರಿಸಲಿಲ್ಲವಂತೆ.

ಅತ್ತೆಯ ಮೈ ಇನ್ನೂ ಚೇತರಿಸಿಕೊಂಡಿರಲಿಲ್ಲ. ಬ್ಯಾರನ್ ಪಕ್ಕದ ಸೊಪ್ಪು ವಿಂಗಡಿಸುವ ಕೋಣೆಯಲ್ಲೇ ಮಲಗುತ್ತಿದ್ದರು. ಒಳಗೆ ಬನ್ನಿ ಎಂದರೂ ಬಂದಿರಲಿಲ್ಲ. ನಾಲ್ಕು ದಿನ ಅವರಿಗೆ ವಿಷಯ ಹೇಳಲಿಲ್ಲ. ಐದನೆಯ ದಿನ ಗಂಜಿ ತೆಗೆದುಕೊಂಡು ಹೋಗಿ ಕಿಟಕಿಯ ಹೊರಗೆ ನಿಂತು ನಾನೇ ಹೇಳಿದೆ. ಅವರು ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ. ಎದ್ದು ಬಂದು ಕಿಟಕಿಯ ಸರಳು ಹಿಡಿದರು.

"ಎಲ್ಡನೇ ದಪ ಕೇಳಿ ಆಕುಸ್ಕಂಡ್ಲು ಅಲ್ವಾ," ಎಂದರು. ಆಮೇಲೆ ನನ್ನ ಮುಖವನ್ನೇ ನೋಡಿ, "ನಿಂಗೂ ಗೊತ್ತಿತ್ತು ಅಲ್ವಾ ಮಗಾ?"

ಹೌದು ಎಂದೆ.

"ನಂಗೂ ಗೊತ್ತಿತ್ತು ಬುಡು."

ನಮ್ಮಿಬ್ಬರ ನಡುವೆ ಆ ವಿಷಯದ ಮಾತು ಅಷ್ಟಕ್ಕೇ ಮುಗಿಯಿತು. ಬೇರೆ ಯಾರಾದರೂ ಎತ್ತಿದರೆ ಇಬ್ಬರೂ ಎದ್ದು ಬೇರೆ ಬೇರೆ ಕೆಲಸಕ್ಕೆ ಹೋಗುತ್ತೇವೆ. ಸಮೀಕ್ಷೆಗೆ ಮತ್ತೆ ಹಾಕಿದಾಗ ಹೋದೆ, ಪ್ರಶ್ನೆ ಕೇಳಿದೆ, ಬರೆದುಕೊಂಡೆ. ಯಾರನ್ನೂ ಬೈಯಲಿಲ್ಲ. ಟೀಚರಮ್ಮನಿಗೆ ಹುಷಾರಿಲ್ಲವೇನೋ ಎಂದು ಜನ ಮಾತಾಡಿಕೊಂಡರಂತೆ.

ಮುಂದಿನ ವರ್ಷ ಪಕ್ಷ ಬರುವ ಹೊತ್ತಿಗೆ ಎಲ್ಲರೂ ಒಂದೊಂದು ಸೂಜಿ ಹಾಕಿಸಿಕೊಂಡಿದ್ದೆವು. ಅತ್ತೆಯ ಮೂಗು ಅರ್ಧ ವಾಪಸ್ಸು ಬಂದಿತ್ತು, ಅದೂ ಕೆಟ್ಟು ಬಂದಿತ್ತು. ಸಾಂಬ್ರಾಣಿ ಹಾಕಿದರೆ ಬಟ್ಟೆ ಸುಟ್ಟ ವಾಸನೆ ಎನ್ನುತ್ತಿದ್ದರು. ಅಡುಗೆ ನಾನೇ ಮಾಡಿದೆ, ಅವರು ಗೋಡೆಗೆ ಒರಗಿ ಕೂತಿದ್ದರು. ಸಾರು ಕುದಿ ಬಂದಾಗ ನಾನು ಸೌಟೆತ್ತಿ ಆವಿ ಎಳೆದುಕೊಂಡೆ. ಹತ್ತೊಂಬತ್ತು ವರ್ಷ ನೋಡಿ ಕಲಿತಿದ್ದೆ ಎಂದುಕೊಂಡಿದ್ದೆ. ಏನೂ ತಿಳಿಯಲಿಲ್ಲ. ನನ್ನ ಮೂಗಿಗೇನೂ ಆಗಿರಲಿಲ್ಲ, ಅದರ ಮೇಲೆ ನನಗೇ ನಂಬಿಕೆ ಹೋಗಿತ್ತು. ಸೌಟನ್ನು ಹಾಗೇ ಪಾತ್ರೆಗೆ ಇಳಿಸಿದೆ.

ನಾಲಿಗೆಗೆ ಹಾಕಿ ನೋಡು ಎಂದು ಅತ್ತೆ ಹೇಳಿದರು. ಅವರ ಬಾಯಿಂದ ಆ ಮಾತು ಬರುತ್ತದೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಎಂಜಲಾಗುತ್ತದಲ್ಲ ಅತ್ತೆ ಎಂದೆ. ಅವರು ಎದ್ದು ಬಂದು ನನ್ನ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಅದರಲ್ಲಿ ನಾಲ್ಕು ಹನಿ ಸಾರು ಬಿಟ್ಟರು. ನೆಕ್ಕಿದೆ. ಉಪ್ಪು ಸರಿಯಾಗಿತ್ತು. ಸಾಕು ಎಂದೆ.

ನಡುಮನೆಯಲ್ಲಿ ಮಾವನ ಎಲೆಯ ಪಕ್ಕದಲ್ಲಿ ಅತ್ತೆ ಇನ್ನೊಂದು ಎಲೆ ಹಾಸಿದರು. ಬೇರೆ ಮನೆಗೆ ಕೊಟ್ಟ ಹೆಣ್ಣಿಗೆ ತೌರಿನಲ್ಲಿ ಎಡೆಯಿಡುವ ಪದ್ಧತಿ ನಮ್ಮಲ್ಲಿಲ್ಲ. ದೊಡ್ಡತ್ತೆಗೆ ಅವರ ಮನೆಯಲ್ಲೇ ಇಡುತ್ತಾರೆ. ಅತ್ತೆ ಆ ಎಲೆಗೆ ಮುದ್ದೆ ಇಟ್ಟರು, ಸಾರು ಬಿಟ್ಟರು, ಸ್ವಲ್ಪ ತಡೆದು ಇನ್ನೊಂದು ಸೌಟು ಬಿಟ್ಟರು. ಎಲ್ಲರೂ ಹೊರಗೆ ಹೊರಟೆವು. ಬಾಗಿಲು ಮುಚ್ಚುವುದಕ್ಕೆ ಮೊದಲು ಅವರು ಹೊಸ್ತಿಲಲ್ಲಿ ನಿಂತು ಆ ಎಲೆಯ ಕಡೆ ತಿರುಗಿದರು.

"ಈ ದಪ ಉಪ್ಪು ಸರಿಯಾಗದೆ ಕಣಕ್ಕಾ. ಸೊಸೆ ಬಾಯ್ಗಾಕಿ ನೋಡವ್ಳೆ. ಎಂಜ್ಲು ಅಂದ್ಕಬ್ಯಾಡ, ಉಣ್ಣು."